ತೊಡೆ ತಟ್ಟುವವರು, ಚಾಪೆ ತಟ್ಟುವವರು

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಕ್ಲಾಸಿಗೆ ಮೊದಲ ಸಲ ಹೋದವರಿಗೆ ಸಣ್ಣದೊಂದು ನಿರಾಸೆ ಕಾದಿರುತ್ತೆ. ಯೂಟ್ಯೂಬಿನಲ್ಲಿ ನೋಡಿದ ಹಾರಿ ಒದೆಯುವ ವರಸೆ ಯಾವುದನ್ನೂ ಅವತ್ತು ಹೇಳಿಕೊಡಲ್ಲ. ನಿಲ್ಲೋದು ಹೇಗೆ, ಪೆಟ್ಟಾಗದಂತೆ ಬೀಳೋದು ಹೇಗೆ, ಮೈಮೇಲೆ ಯಾರಾದರೂ ಕೂತಾಗ ಸೊಂಟ ಸರಿಸಿ ಆಚೆ ಬರೋದು ಹೇಗೆ, ಇಷ್ಟರಲ್ಲೇ ಗಂಟೆ ಮುಗಿಯುತ್ತೆ. ಇದರ ಮಧ್ಯೆ, ಯಾರಾದರೂ ನಿಮ್ಮ ಕುತ್ತಿಗೆಗೆ ಕೈ ಹಾಕುವ ಮೊದಲೇ ಕೋಚ್ ಒಂದು ಮಾತು ಹೇಳ್ತಾರೆ: ನೋವಾದರೆ, ಉಸಿರು ಕಟ್ಟಿದರೆ, ಬರೀ ಗಾಬರಿಯಾದರೂ ಸರಿ, ಎದುರಿನವರ ಮೈಮೇಲೋ ಚಾಪೆಯ ಮೇಲೋ ಎರಡು-ಮೂರು ಸಲ ತಟ್ಟಿ. ತಟ್ಟಿದ ತಕ್ಷಣ ಅವರು ಬಿಟ್ಟುಬಿಡಬೇಕು. ಅಂದರೆ ಗೆಲ್ಲೋದಕ್ಕಿಂತ ಮೊದಲು ಸೋಲೊಪ್ಪಿಕೊಳ್ಳೋದನ್ನು ಕಲಿಸ್ತಾರೆ.

ನಮಗೆ ಇದು ಸ್ವಲ್ಪ ವಿಚಿತ್ರ ಅನಿಸುತ್ತೆ. ನಮ್ಮ ಅಖಾಡದಲ್ಲಿ ಪೈಲ್ವಾನ್ ಇಳಿಯೋದೇ ತೊಡೆ ತಟ್ಟಿಕೊಂಡು. ಸೋತವನಿಗೂ ಒಂದು ಗಾದೆ ರೆಡಿ ಇದೆ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಕಾಳಗ ಅಂತ ಇದ್ದ ಕಡೆಯಲ್ಲೆಲ್ಲ ಇದನ್ನು ಎಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸು ಅಂತ ಹೇಳೋರು ಯಾರು ಅನ್ನೋ ಪ್ರಶ್ನೆಯೂ ಇದ್ದೇ ಇತ್ತು. ಎಂಎಂಎ ಚರಿತ್ರೆಯನ್ನು ಈ ಪ್ರಶ್ನೆಯ ಚರಿತ್ರೆಯಾಗಿಯೂ ಓದಬಹುದು.

ಮೊದಲು ನಮ್ಮ ಕಡೆಯದನ್ನೇ ನೋಡೋಣ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೇ ಒಂದು ಭಾಗ ಮೀಸಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಕುಸ್ತಿಯಲ್ಲಿ ಹಲ್ಲು ಮುರಿಯುವಂಥ ಹೊಡೆತ ಬೀಳುತ್ತಿದ್ದುದನ್ನು ಬರೆದಿದ್ದಾನೆ. ಜೊತೆಗೇ ಅಲ್ಲಿ ಎರಡೂ ಕಡೆಯವರನ್ನು ಸಮ ಮಾಡಿ ನಿಲ್ಲಿಸೋಕೆ ತೀರ್ಪುಗಾರರಿದ್ದರು ಅಂತಲೂ ಹೇಳಿದ್ದಾನೆ. ಮೈಸೂರು ಅರಮನೆಯಲ್ಲಿ ಇವತ್ತಿಗೂ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗ ನಡೆಯುತ್ತೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರನಖ ತೊಟ್ಟು ಎದುರುಬದುರಾಗುತ್ತಾರೆ. ಯಾರದಾದರೂ ನೆತ್ತಿಯಲ್ಲಿ ಮೊದಲ ಹನಿ ರಕ್ತ ಕಂಡ ಕ್ಷಣಕ್ಕೆ ಕಾಳಗ ಮುಗಿಯಿತು. ಗರಡಿ ಕುಸ್ತಿಯಲ್ಲಂತೂ ಬೆನ್ನು ಮಣ್ಣಿಗೆ ತಾಗಿದರೆ ಸಾಕು, ಚಿತ್.

ಇಲ್ಲೆಲ್ಲ ನಿಲ್ಲಿಸುವ ಅಧಿಕಾರ ತೀರ್ಪುಗಾರನಿಗೆ, ರಕ್ತಕ್ಕೆ ಅಥವಾ ಮಣ್ಣಿಗೆ. ಸೋಲುತ್ತಿರುವವನನ್ನು ಯಾರೂ ಕೇಳಲ್ಲ. ಈಗಿನ ಎಂಎಂಎ ಕ್ಲಾಸಿನಲ್ಲಿ ಆ ಅಧಿಕಾರ ಅವನ ಕೈಗೇ ಬಂದಿದೆ. ಆ ದಾರಿ ಶುರುವಾಗೋದು ಜಪಾನಿನಿಂದ.

1882ರಲ್ಲಿ ಜಿಗೊರೊ ಕಾನೊ ಎಂಬ 21 ವರ್ಷದ ಹುಡುಗ ಟೋಕಿಯೋದ ಐಶೋಜಿ ದೇವಸ್ಥಾನದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆ ಶುರುಮಾಡಿದ. ಸಮುರಾಯ್‌ಗಳ ಕಾಲ ಮುಗಿದಿತ್ತು, ಹಳೆಯ ಜುಜುತ್ಸು ಯಾರಿಗೂ ಬೇಡವಾಗಿತ್ತು. ಕಾನೊ ಅದರಲ್ಲಿನ ತೀರಾ ಅಪಾಯದ ಪಟ್ಟುಗಳನ್ನು ಅಣಕು ಅಭ್ಯಾಸಕ್ಕೆ ಸೀಮಿತ ಮಾಡಿ, ಉಳಿದವನ್ನು ಪೂರ್ತಿ ಬಲ ಹಾಕಿ ಆಡಲು ಬಿಟ್ಟ. ಕತ್ತು ಹಿಸುಕುವ, ಮೊಣಕೈ ತಿರುಚುವ ಪಟ್ಟುಗಳೂ ಈ ಆಟದಲ್ಲಿ ಉಳಿದವು. ಕಾರಣ, ಸಿಕ್ಕಿಹಾಕಿಕೊಂಡವನು ತಟ್ಟಬಹುದು, ಹಿಡಿದವನು ಬಿಡಬಹುದು. ಕಣ್ಣಿಗೆ ಬೆರಳು ಹಾಕೋದನ್ನು ದಿನಾ ಅಭ್ಯಾಸ ಮಾಡೋಕಾಗಲ್ಲ, ಯಾರ ಕಣ್ಣೂ ಉಳಿಯಲ್ಲ. ಕತ್ತಿನ ಪಟ್ಟನ್ನಾದರೆ ದಿನಕ್ಕೆ ಇಪ್ಪತ್ತು ಸಲ ಹಾಕಿ ನೋಡಬಹುದು. ನಿಜವಾಗಿ ವಿರೋಧಿಸುವವನ ಮೇಲೆ ಮತ್ತೆ ಮತ್ತೆ ಪ್ರಯೋಗಿಸಿದ್ದು ನಿಜವಾದ ಹೊತ್ತಿನಲ್ಲೂ ಕೆಲಸಕ್ಕೆ ಬರುತ್ತೆ.

ಕಾನೊನ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಾಯೆಡಾ ಊರೂರು ಪಂದ್ಯ ಆಡುತ್ತಾ 1914ರಲ್ಲಿ ಬ್ರೆಜಿಲ್ ತಲುಪಿದ. ಬೆಲೆಂ ಪಟ್ಟಣದಲ್ಲಿ ಅವನಿಂದ ಕಾರ್ಲೋಸ್ ಗ್ರೇಸಿ ಕಲಿತ. ಕಾರ್ಲೋಸನ ತಮ್ಮ ಹೇಲಿಯೋ ಸಣ್ಣ ಆಳು. ಬಲಕ್ಕಿಂತ ಸನ್ನೆಕೋಲಿನ ಲೆಕ್ಕಾಚಾರ ನೆಚ್ಚಿಕೊಂಡು ಬ್ರೆಜಿಲಿಯನ್ ಜಿಯು-ಜಿಟ್ಸು ಬೆಳೆಸಿದವರಲ್ಲಿ ಅವನೊಬ್ಬ. 1951ರಲ್ಲಿ ರಿಯೋದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಜೂಡೋ ದೈತ್ಯ ಮಸಾಹಿಕೊ ಕಿಮುರಾನಿಗೆ ಎದುರಾದ. ಕಿಮುರಾ ತೋಳು ತಿರುಚಿದ, ತೋಳು ಮುರಿಯಿತು, ಹೇಲಿಯೋ ತಟ್ಟಲಿಲ್ಲ! ಕೊನೆಗೆ ಪಂದ್ಯ ನಿಲ್ಲಿಸಿದ್ದು ಅಣ್ಣ ಕಾರ್ಲೋಸ್. ಆ ಪಟ್ಟಿಗೆ ಇವತ್ತು ‘ಕಿಮುರಾ’ ಅಂತಲೇ ಹೆಸರು. ಹೇಲಿಯೋನ ಮೀಸೆ ಮಣ್ಣಾಗಲಿಲ್ಲ ನಿಜ, ಆದರೆ ಕೈ ಹೋಯ್ತು.

42 ವರ್ಷದ ನಂತರ, 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು. ಎಂಟು ಜನ, ಒಂದೇ ರಾತ್ರಿ. ತೂಕದ ವಿಭಾಗ ಇಲ್ಲ, ಅಂಕ ಕೊಡುವವರಿಲ್ಲ, ರೆಫರಿಗೆ ಕೂಡ ತಾನಾಗಿ ಪಂದ್ಯ ನಿಲ್ಲಿಸುವ ಅಧಿಕಾರ ಇರಲಿಲ್ಲ. ಗೆದ್ದವನು ಹೇಲಿಯೋನ ಮಗ, ಸುಮಾರು 80 ಕೆಜಿಯ ಸಪೂರ ದೇಹದ ರಾಯ್ಸ್ ಗ್ರೇಸಿ. ಮೂರು ಪಂದ್ಯ ಸೇರಿ ಐದು ನಿಮಿಷವೂ ಆಗಲಿಲ್ಲ, ಮೂವರೂ ತಟ್ಟಿದರು.

ಅವರಲ್ಲಿ ಕೆನ್ ಶಾಮ್‌ರಾಕ್‌ನದು ನೆನಪಿಡಬೇಕಾದ ಕಥೆ. ಅವನು ತಟ್ಟಿದ, ರಾಯ್ಸ್ ಬಿಟ್ಟ, ಆದರೆ ರೆಫರಿ ಅದನ್ನು ನೋಡಿರಲಿಲ್ಲ. ಮುಂದುವರಿಸಿ ಅಂದುಬಿಟ್ಟ. ಸುಮ್ಮನಿದ್ದಿದ್ದರೆ ಶಾಮ್‌ರಾಕ್‌ಗೆ ಇನ್ನೊಂದು ಅವಕಾಶ ಸಿಗ್ತಿತ್ತು. ಅವನು, ಹೌದು, ನಾನು ತಟ್ಟಿದ್ದೆ ಅಂತ ಒಪ್ಪಿಕೊಂಡ. ಹೆಚ್ಚುಕಡಿಮೆ ಯಾವ ನಿಯಮವೂ ಇಲ್ಲದ ಆ ರಾತ್ರಿಯಲ್ಲೂ ಈ ಒಂದು ನಿಯಮವನ್ನು ಇಬ್ಬರೂ ಮುರಿಯಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. 1996ರಲ್ಲಿ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಜರಿದು, ನಿಷೇಧಿಸಿ ಎಂದು ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು. ಒತ್ತಡಕ್ಕೆ ಒಂದೊಂದೇ ನಿಯಮ ಬಂತು. 2001ರಲ್ಲಿ ನ್ಯೂಜೆರ್ಸಿ ಒಪ್ಪಿದ ಏಕರೂಪ ನಿಯಮಾವಳಿಯೇ ಇವತ್ತಿನ ಆಟದ ಬುನಾದಿ: ತೂಕದ ವಿಭಾಗ, ಐದು ನಿಮಿಷದ ಸುತ್ತು, ಅಂಕ ಕೊಡುವವರು, ಪಂದ್ಯ ನಿಲ್ಲಿಸಬಲ್ಲ ರೆಫರಿ. ನ್ಯೂಯಾರ್ಕ್ ರಾಜ್ಯ ಒಪ್ಪೋಕೆ ಮಾತ್ರ 2016 ಬರಬೇಕಾಯ್ತು.

ಈ ಎಲ್ಲದರ ಫಲ ಏನಪ್ಪಾ ಅಂದ್ರೆ, ಮಂಗಳವಾರ ರಾತ್ರಿ ಎಂಟಕ್ಕೆ ಒಬ್ಬ ಟೆಸ್ಟರ್, ಒಬ್ಬ ಡೆಂಟಿಸ್ಟ್ ಪರಸ್ಪರ ಕತ್ತು ಹಿಡಿದು ಹೊರಳಾಡಿ, ಬುಧವಾರ ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೋಗಬಹುದು. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತೆ. ಪರಿಚಯವೇ ಇಲ್ಲದವರ ಕೈಗೆ ನಿಮ್ಮ ಕತ್ತು ಕೊಡೋದು ಅವರು ಬಿಡ್ತಾರೆ ಅನ್ನೋ ಒಂದೇ ನಂಬಿಕೆಯ ಮೇಲೆ. ನೀವು ತಟ್ಟುತ್ತೀರಿ ಅನ್ನೋ ನಂಬಿಕೆ ಅವರಿಗೂ ಅಷ್ಟೇ ಬೇಕು. ಆಗಲ್ಲ ಅನ್ನೋ ಪದವನ್ನು ಮೀಟಿಂಗ್‌ನಲ್ಲಿ ನುಂಗಿ ನುಂಗಿ ರೂಢಿಯಾದವರಿಗೆ ಮೊದಮೊದಲು ಕೈ ಏಳಲ್ಲ. ಹೇಲಿಯೋನ ತೋಳು ನೆನಪಿಸಿಕೊಳ್ಳಿ, ಬೇಗ ತಟ್ಟಿ. ಎದ್ದು, ಕೈ ಕುಲುಕಿ, ಮತ್ತೆ ಶುರು ಮಾಡಬಹುದು. ಒಂದೇ ಗಂಟೆಯಲ್ಲಿ ಹತ್ತು ಸಲ ಸೋತು ಹತ್ತು ಪಟ್ಟು ಕಲಿಯುವ ಅನುಕೂಲ ವಿಜಯನಗರದ ಮಲ್ಲನಿಗೆ ಇತ್ತೋ ಇಲ್ಲವೋ, ನಿಮಗಂತೂ ಇದೆ.