ಗಾಲ್ಫ್ ಆಟದಲ್ಲಿ ನಿಲುವು ಮತ್ತು ಗುರಿ

ಗಾಲ್ಫ್ ಆಟಗಾರನು ಚೆಂಡನ್ನು ಹೊಡೆಯುವುದಕ್ಕೆ ಮುನ್ನ ಕ್ಲಬ್ಬಿನ ಮುಖವನ್ನೂ ತನ್ನ ದೇಹವನ್ನೂ ಗುರಿಗೆ ಅನುಗುಣವಾಗಿ ಅಣಿಗೊಳಿಸಿಕೊಳ್ಳುವ ಕ್ರಮ. ನಿಶ್ಚಲವಾದ ಚೆಂಡನ್ನು ಹೊಡೆಯುವ ಆಟವಾದುದರಿಂದ, ಕ್ರಿಕೆಟ್, ಟೆನಿಸ್‌ಗಳಲ್ಲಿ ದೊರೆಯದ ಸಾವಧಾನವು ಇಲ್ಲಿ ಆಟಗಾರನಿಗೆ ಲಭಿಸುತ್ತದೆ. ಅದನ್ನು ವ್ಯರ್ಥಗೊಳಿಸಿದವನ ಬೀಸಿನಲ್ಲಿ ಮೇಲುನೋಟಕ್ಕೆ ತೋರುವ ದೋಷಗಳಲ್ಲಿ ಅನೇಕವು ವಸ್ತುತಃ ಕ್ಲಬ್ಬು ಚಲಿಸುವ ಮೊದಲೇ ನಿಲುವಿನಲ್ಲಿ ಬೇರೂರಿರುತ್ತವೆ.

ಗುರಿ ಹಿಡಿಯುವ ಕ್ರಮ : ಆಟಗಾರನು ಮೊದಲು ಚೆಂಡಿನ ಹಿಂದೆ ನಿಂತು, ಅಲ್ಲಿಂದ ಗುರಿಯವರೆಗೆ ಒಂದು ರೇಖೆಯನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳತಕ್ಕದ್ದು. ದೂರದ ಧ್ವಜಕ್ಕೆ ಕ್ಲಬ್ಬನ್ನು ನೇರಗೊಳಿಸುವುದು ದುಷ್ಕರವಾದುದರಿಂದ, ಅದೇ ರೇಖೆಯ ಮೇಲೆ ಚೆಂಡಿಗೆ ಕೆಲವೇ ಅಡಿ ಮುಂದಿರುವ ತರಗೆಲೆಯನ್ನೋ ಬಣ್ಣಗೆಟ್ಟ ಹುಲ್ಲಿನ ತುಣುಕನ್ನೋ ಗುರುತಾಗಿ ಆರಿಸಿಕೊಳ್ಳುವ ಪದ್ಧತಿಯನ್ನು ಅಮೆರಿಕದ ಜ್ಯಾಕ್ ನಿಕ್ಲಾಸ್ ನಿಷ್ಠೆಯಿಂದ ಪಾಲಿಸಿದನು. ಬಳಿಕ ಕ್ಲಬ್ಬಿನ ಮುಖವನ್ನು ಆ ಗುರುತಿನತ್ತ ನೆಟ್ಟಗೆ ನೆಲೆಗೊಳಿಸಿ, ಅನಂತರವೇ ಪಾದಗಳನ್ನು ಊರಬೇಕು. ಈ ಅನುಕ್ರಮವು ವ್ಯತ್ಯಸ್ತವಾಗಕೂಡದು. ಏಕೆಂದರೆ ಚೆಂಡು ಹೊರಡುವ ದಿಕ್ಕನ್ನು ಪ್ರಧಾನವಾಗಿ ನಿರ್ಧರಿಸುವುದು ಕ್ಲಬ್ಬಿನ ಮುಖವೇ, ಮತ್ತು ಆ ದಿಕ್ಕು ಕೇವಲ 1 ಡಿಗ್ರಿಯಷ್ಟು ತಪ್ಪಿದರೂ 200 ಮೀಟರ್ ದೂರದಲ್ಲಿ ಚೆಂಡು ಸುಮಾರು 3.5 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಪಾದ, ಮೊಣಕಾಲು, ಸೊಂಟ, ಭುಜಗಳು ಗುರಿರೇಖೆಗೆ ಸಮಾಂತರವಾಗಿರಬೇಕೇ ಹೊರತು ಗುರಿಯನ್ನೇ ಸಂಧಿಸುವಂತಿರಬಾರದು. ರೈಲುಹಳಿಗಳಲ್ಲಿ ಆಚೆಯ ಹಳಿಯ ಮೇಲೆ ಚೆಂಡೂ ಈಚೆಯ ಹಳಿಯ ಮೇಲೆ ಪಾದಗಳೂ ಇರುವಂತೆ ಭಾವಿಸಿದರೆ ಈ ಸಂಬಂಧವು ಸ್ಪಷ್ಟವಾಗುತ್ತದೆ. ಬಲಗೈ ಆಟಗಾರನು ಭುಜಗಳನ್ನು ಗುರಿಗೇ ನೇರಗೊಳಿಸಿದಾಗ ಕ್ಲಬ್ಬಿನ ಮುಖವೂ ಸಾಮಾನ್ಯವಾಗಿ ಗುರಿಯ ಬಲಕ್ಕೆ ತಿರುಗಿ, ಆ ತಪ್ಪನ್ನು ಸರಿಪಡಿಸಲು ಕೈಗಳು ಬೀಸಿನ ನಡುವೆ ಕ್ಲಬ್ಬನ್ನು ಎಡಕ್ಕೆ ಸೆಳೆಯತೊಡಗುತ್ತವೆ. ಹೊಸಬರಲ್ಲಿ ಇದು ಅತಿ ಸಾಮಾನ್ಯವಾದ ದೋಷ.

ಅಂಗವಿನ್ಯಾಸ : ಮಧ್ಯಮ ದೂರದ ಹೊಡೆತಕ್ಕೆ ಬಳಸುವ ಐರನ್ ಕ್ಲಬ್ಬು‌ಗಳಿಗೆ ಪಾದಗಳ ಅಂತರವು ಭುಜಗಳ ಅಗಲದಷ್ಟಿರುವುದು ವಾಡಿಕೆ, ಅತಿ ದೂರದ ಹೊಡೆತದ ಡ್ರೈವರ್‌ಗೆ ತುಸು ಹೆಚ್ಚು, ಸಮೀಪದ ಹೊಡೆತದ ವೆಜ್‌ಗೆ ಕಡಿಮೆ. ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರ ತನ್ನ ‘ಫೈವ್ ಲೆಸನ್ಸ್’ ಗ್ರಂಥದಲ್ಲಿ, ಬಲಪಾದವು ಗುರಿರೇಖೆಗೆ ಲಂಬವಾಗಿಯೂ ಎಡಪಾದವು ಸುಮಾರು 22 ಡಿಗ್ರಿ ಹೊರಕ್ಕೆ ತಿರುಗಿಯೂ ಇರಬೇಕೆಂದು ವಿಧಿಸಿದನು. ಹಿಂಬೀಸಿನಲ್ಲಿ ಸೊಂಟವು ಮಿತಿಮೀರಿ ತಿರುಗದಂತೆ ಮೊದಲನೆಯದೂ, ಮುಂಬೀಸಿನಲ್ಲಿ ಸರಾಗವಾಗಿ ತಿರುಗುವಂತೆ ಎರಡನೆಯದೂ ನೆರವಾಗುತ್ತವೆ. ಬೆನ್ನನ್ನು ಗೂನಿಸದೆ ತೊಡೆಸಂದಿನಿಂದ ಬಾಗಿ, ಮೊಣಕಾಲುಗಳನ್ನು ಕೊಂಚ ಸಡಿಲಿಸಿದಾಗ ತೋಳುಗಳು ಭುಜಗಳಿಂದ ಸಹಜವಾಗಿ ಇಳಿಬೀಳುತ್ತವೆ. ಹಿಡಿಕೆಯ ಮೇಲೆ ಬಲಗೈಯು ಎಡಗೈಗಿಂತ ಕೆಳಗಿರುವುದರಿಂದ ಬಲಭುಜವು ತುಸು ತಗ್ಗಿರುವುದು ಸ್ವಾಭಾವಿಕ. ಅದನ್ನು ಬಲವಂತವಾಗಿ ಎತ್ತಿದರೆ ಭುಜಗಳು ಗುರಿರೇಖೆಯ ಎಡಕ್ಕೆ ತೆರೆದುಕೊಳ್ಳುತ್ತವೆ.

ಚೆಂಡಿನ ಸ್ಥಾನ : ಟೀಯ (ನೆಲಕ್ಕೆ ಚುಚ್ಚುವ ಪುಟ್ಟ ಗೂಟ) ಮೇಲಿನ ಚೆಂಡನ್ನು ಡ್ರೈವರ್ ಮೇಲೇರುವ ಗತಿಯಲ್ಲಿ ತಾಗಬೇಕಾದುದರಿಂದ ಚೆಂಡು ಎಡ ಹಿಮ್ಮಡಿಯ ನೇರಕ್ಕಿರುತ್ತದೆ, ನೆಲದ ಮೇಲಿನ ಚೆಂಡನ್ನು ಗಿಡ್ಡ ಐರನ್ ಕೆಳಗಿಳಿಯುತ್ತಲೇ ತಾಗಬೇಕಾದುದರಿಂದ ಚೆಂಡು ಪಾದಗಳ ಮಧ್ಯಕ್ಕೆ ಸಮೀಪದಲ್ಲಿರುತ್ತದೆ. ಎಡಗೈ ಆಟಗಾರರಿಗೆ ಇವೆಲ್ಲವೂ ವಿಪರ್ಯಯವಾಗಿ ಅನ್ವಯಿಸುತ್ತವೆ.

ಅಭ್ಯಾಸ ಮತ್ತು ನಿಯಮ : ಅಭ್ಯಾಸದ ವೇಳೆ ಒಂದು ಕ್ಲಬ್ಬನ್ನು ಚೆಂಡಿನ ಆಚೆಗೂ ಮತ್ತೊಂದನ್ನು ಕಾಲ್ಬೆರಳುಗಳ ಮುಂದಕ್ಕೂ ಸಮಾಂತರವಾಗಿ ನೆಲದ ಮೇಲಿಟ್ಟು ನಿಲುವನ್ನು ಪರೀಕ್ಷಿಸಿಕೊಳ್ಳುವುದು ಹಿತಕರ. ಪಂದ್ಯದಲ್ಲಿ ನಿಲುವಿಗೆ ನೆರವಾಗಲೆಂದು ಹೀಗೆ ವಸ್ತುಗಳನ್ನಿಡುವುದು ನಿಷಿದ್ಧ. ಆಟಗಾರನು ನಿಲುವನ್ನು ತಳೆಯಲಾರಂಭಿಸಿದ ಮೇಲೆ ಅವನ ಕ್ಲಬ್ಬುಗಳನ್ನು ಹೊರುವ ಸಹಾಯಕನಾದ ಕ್ಯಾಡಿಯು ಚೆಂಡಿನ ಹಿಂದೆ ಗುರಿರೇಖೆಯಲ್ಲಿ ಉದ್ದೇಶಪೂರ್ವಕವಾಗಿ ನಿಲ್ಲುವುದನ್ನೂ 2019ರ ನಿಯಮಾವಳಿಯು ನಿಷೇಧಿಸಿತು. ಗುರಿಗೆ ಸರಿಯಾಗಿ ನಿಲ್ಲುವುದನ್ನು ಆ ನಿಯಮಾವಳಿಯು ಆಟಗಾರನ ಕೌಶಲದ ಅಂಗವೆಂದೇ ಪರಿಗಣಿಸುತ್ತದೆ.