ಕೇಳಿದ ಪ್ರಶ್ನೆ, ಕೇಳದ ಪ್ರಶ್ನೆ: ಗೋವಾದ ಒಪಿನಿಯನ್ ಪೋಲ್ ಮತ್ತು ಬಹಿರಂಗ ಚರ್ಚೆಯ ಚರಿತ್ರೆ

ಭಾಷೆ, ಗಡಿ, ಜಾತಿ ಇಂಥ ವಿಷಯ ಬಂದ ಕೂಡಲೇ ನಾವು ಎರಡರಲ್ಲಿ ಒಂದು ಮಾಡ್ತೀವಿ. ಸುಮ್ಮನಾಗ್ತೀವಿ, ಇಲ್ಲವೇ ಜಗಳಕ್ಕೆ ಇಳೀತೀವಿ. ಇವೆರಡರ ನಡುವೆ ಮೂರನೆಯ ದಾರಿಯೊಂದು ಚರಿತ್ರೆಯಲ್ಲಿ ಎಲ್ಲಾದರೂ ಸಿಗುತ್ತದೆಯೇ ಎಂಬುದು ಈ ಪ್ರಬಂಧದ ಪ್ರಶ್ನೆ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ನಮ್ಮ ಕಾರವಾರದ ಪಕ್ಕದಲ್ಲೇ ಇರುವ ಗೋವಾವನ್ನು, ಅದರಲ್ಲೂ 1967ರ ಜನವರಿ 16ನ್ನು. ಆದರೆ ಅಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ರಾಮಮನೋಹರ ಲೋಹಿಯಾ ಅಂದ್ರೆ 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡ, ಆಮೇಲೆ ಅನಂತಮೂರ್ತಿ, ಲಂಕೇಶ್, ತೇಜಸ್ವಿ. ಕಾಗೋಡಿಗೆ ಐದು ವರ್ಷ ಮೊದಲು ಇದೇ ಲೋಹಿಯಾ ಗೋವಾದಲ್ಲಿದ್ದರು ಎಂಬುದು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಬರ್ಲಿನ್‌ನಲ್ಲಿ ಜೊತೆಗೆ ಓದಿದ ಗೆಳೆಯ ಜುಲಿಯಾಂವ್ ಮೆನೆಝಿಸ್ ಅವರ ಊರು ಅಸ್ಸೋಳ್ಣಾ. ಸೆರೆಮನೆಯಿಂದ ಬಿಡುಗಡೆಯಾಗಿ ಆರೋಗ್ಯ ಕೆಟ್ಟಿದ್ದ ಲೋಹಿಯಾ 1946ರ ಜೂನ್‌ನಲ್ಲಿ ವಿಶ್ರಾಂತಿಗೆಂದು ಅಲ್ಲಿಗೆ ಹೋದರು. ಹೋಗಿ ನೋಡಿದರೆ ಸಲಜಾರ್ ಆಡಳಿತದ ಗೋವಾದಲ್ಲಿ ಅನುಮತಿ ಇಲ್ಲದೆ ಸಭೆ ಸೇರುವಂತಿಲ್ಲ, ಸೆನ್ಸಾರ್ ಆಗದೆ ಪತ್ರಿಕೆ ಅಚ್ಚಾಗುವಂತಿಲ್ಲ. ಮದುವೆಯ ಆಮಂತ್ರಣ ಪತ್ರಿಕೆಗೂ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಜೂನ್ 18ರಂದು, ಸುರಿವ ಮಳೆಯಲ್ಲಿ, ಮಡಗಾಂವ್‌ನಲ್ಲಿ ಅವರು ಸಭೆ ನಡೆಸಲು ಹೋದರು. ಅಲ್ಲಿನ ಆಡಳಿತಾಧಿಕಾರಿ ಪಿಸ್ತೂಲು ತೆಗೆದ. ಲೋಹಿಯಾ ಅವನ ಕೈ ಹಿಡಿದು ಬದಿಗೆ ಸರಿಸಿದರು. ಬಂಧನವೂ ಆಯಿತು. ಆ ದಿನವನ್ನು ಗೋವಾದಲ್ಲಿ ಇಂದಿಗೂ ಕ್ರಾಂತಿ ದಿನವಾಗಿ ಆಚರಿಸುತ್ತಾರೆ, ಆ ಜಾಗದ ಹೆಸರು ಲೋಹಿಯಾ ಮೈದಾನ.

ಇಲ್ಲಿ ಗಮನಿಸಬೇಕಾದದ್ದು, ಆ ದಿನದ ಬೇಡಿಕೆ ಬಹಳ ಸಣ್ಣದು: ನಾಲ್ಕು ಜನ ಸೇರಿ ಮಾತಾಡಬೇಕು, ಅಷ್ಟೇ. ಏನು ಮಾತಾಡಬೇಕು ಎನ್ನುವುದು ಇನ್ನೂ ಮುಂದಿನ ಮಾತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಡಳಿತ ಕೊನೆಯಾದ ಮೇಲೆ ಆ 'ಏನು' ಎದುರಿಗೆ ಬಂದು ನಿಂತಿತು. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಬೇರೆಯಾಗಿ ಉಳಿಯಬೇಕೋ? ಕೊಂಕಣಿ ಸ್ವತಂತ್ರ ಭಾಷೆಯೋ, ಮರಾಠಿಯ ಉಪಭಾಷೆಯೋ?

ಇದನ್ನು ಬರೀ ಭಾಷಾಭಿಮಾನದ ಜಗಳ ಅಂತ ಓದಿದರೆ ತಪ್ಪಾಗುತ್ತೆ. 1963ರಲ್ಲಿ ಮೊದಲ ಚುನಾವಣೆ ಗೆದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದ ನಾಯಕ ದಯಾನಂದ ಬಾಂದೋಡ್ಕರ್. ಅವರ ಹಿಂದೆ ನಿಂತವರು ಬಹುಮಟ್ಟಿಗೆ ಗೇಣಿದಾರರು, ಭಾಟ್ಕಾರನ ನೆಲದಲ್ಲಿ ಮನೆ ಕಟ್ಟಿಕೊಂಡಿದ್ದ ಮುಂಡಕಾರರು, ಹಿಂದೂ ಬಹುಜನ ಸಮುದಾಯಗಳು. ಅವರ ಮನೆಯಲ್ಲಿ ಕೊಂಕಣಿ, ಭಜನೆಯಲ್ಲಿ ಮರಾಠಿ, ಮಕ್ಕಳು ಹೊಸದಾಗಿ ಹೋಗತೊಡಗಿದ ಶಾಲೆಯಲ್ಲೂ ಮರಾಠಿ. ಮಹಾರಾಷ್ಟ್ರಕ್ಕೆ ಸೇರಿದರೆ ಭೂಮಾಲೀಕರ ಹಿಡಿತ ಸಡಿಲವಾಗುತ್ತದೆ ಎಂಬ ಆಸೆ ಅವರದು. ಎದುರಿಗೆ ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ. ದೊಡ್ಡ ರಾಜ್ಯದ ಒಂದು ಮೂಲೆಯ ಜಿಲ್ಲೆಯಾಗಿ ಕರಗಿ ಹೋಗುತ್ತೇವೆ ಎಂಬ ಭಯ ಕ್ಯಾಥೊಲಿಕರಲ್ಲಿತ್ತು, ಕೊಂಕಣಿಯ ಪರವಾಗಿದ್ದ ಹಿಂದೂಗಳಲ್ಲೂ ಇತ್ತು. ಅಂದ್ರೆ ಎರಡೂ ಕಡೆ ಇದ್ದದ್ದು ನಿಜವಾದ ಭಯ, ನಿಜವಾದ ಆಸೆ.

ಶಾಸನಸಭೆಯಲ್ಲಿ ಬಹುಮತ ಇದೆ, ವಿಲೀನಕ್ಕೆ ಅಷ್ಟು ಸಾಕು ಎಂಬುದು ಒಂದು ವಾದ. ಇಷ್ಟು ದೊಡ್ಡ ನಿರ್ಧಾರವನ್ನು ಜನರನ್ನೇ ಕೇಳಬೇಕು ಎಂಬುದು ಇನ್ನೊಂದು. ಕೊನೆಗೆ ಸಂಸತ್ತು 1966ರಲ್ಲಿ ಒಪಿನಿಯನ್ ಪೋಲ್ ಕಾಯ್ದೆ ಮಾಡಿತು. ಮತದಾನ ನ್ಯಾಯವಾಗಿ ನಡೆಯಲಿ ಎಂದು ಬಾಂದೋಡ್ಕರ್ ಸರಕಾರ 1966ರ ಡಿಸೆಂಬರ್‌ನಲ್ಲಿ ಅಧಿಕಾರ ಬಿಟ್ಟಿತು. ವಿಲೀನ ಬೇಕೆನ್ನುವವರಿಗೆ ಹೂವಿನ ಗುರುತು, ಬೇಡ ಎನ್ನುವವರಿಗೆ ಎರಡು ಎಲೆಯ ಗುರುತು.

ಪ್ರಚಾರ ಹೇಗೆ ನಡೆಯಿತು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯ. ಮಡಗಾಂವ್‌ನ 'ರಾಷ್ಟ್ರಮತ' ವಿಲೀನವನ್ನು ವಿರೋಧಿಸಿದ ದಿನಪತ್ರಿಕೆ. ಉದಯ ಭೆಂಬ್ರೆ ಅವರ 'ಬ್ರಹ್ಮಾಸ್ತ್ರ' ಅಂಕಣ ಬರುತ್ತಿದ್ದದ್ದು ಅದರಲ್ಲೇ. ಆದರೆ ಅದು ಮರಾಠಿ ಪತ್ರಿಕೆ! ವಿಲೀನದ ಪರ ಇದ್ದವರು ಓದುತ್ತಿದ್ದದ್ದು ಮರಾಠಿ, ಆದ್ದರಿಂದ ಅವರ ಹತ್ತಿರ ಅವರ ಓದಿನ ಭಾಷೆಯಲ್ಲೇ ಮಾತಾಡಿದರು. ಇನ್ನೊಂದು ಕಡೆ ಮನೋಹರ್ ರಾಯ್ ಸರದೇಸಾಯಿ ಅವರಂಥ ಕವಿಗಳು, ಉಲ್ಹಾಸ್ ಬುಯಾಂವ್ ಅವರಂಥ ಗಾಯಕರು ಊರೂರಿಗೆ ಹೋಗಿ ಕೊಂಕಣಿಯಲ್ಲಿ ಹಾಡಿದರು. ತಮ್ಮವರಿಗೆ ತಮ್ಮ ಭಾಷೆಯಲ್ಲಿ ಭಾಷಣ ಮಾಡುವುದು ಸುಲಭ. ಒಪ್ಪದವನ ಭಾಷೆಯಲ್ಲಿ ಬರೆಯುವಾಗ ಅವನು ಏನು ಹೇಳುತ್ತಿದ್ದಾನೆ ಅಂತ ಮೊದಲು ಕೇಳಿಸಿಕೊಳ್ಳಲೇಬೇಕಾಗುತ್ತದೆ.

ಫಲಿತಾಂಶ: ವಿಲೀನಕ್ಕೆ 1,38,170 ಮತ, ವಿರುದ್ಧ 1,72,191. ಅಂತರ 34,021. ಗೋವಾ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಿತು.

ಸಾಮಾನ್ಯವಾಗಿ ಕತೆ ಇಲ್ಲಿಗೇ ನಿಲ್ಲುತ್ತದೆ. ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ಎರಡು ತಿಂಗಳ ನಂತರದ ಘಟನೆ. ಮಾರ್ಚ್‌ನ ಚುನಾವಣೆಯಲ್ಲಿ ಅದೇ ಮತದಾರರು ವಿಲೀನವಾದಿ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು, ಬಾಂದೋಡ್ಕರ್ ಮತ್ತೆ ಮುಖ್ಯಮಂತ್ರಿಯಾದರು. ನಿಮ್ಮ ಈ ಮಾತು ನಮಗೆ ಬೇಡ, ಆದರೆ ನೀವು ಬೇಕು ಅಂತ ಜನ ಹೇಳಿದ ಹಾಗಾಯಿತು. ಪ್ರಶ್ನೆಯನ್ನು ವ್ಯಕ್ತಿಯಿಂದ, ಪಕ್ಷದಿಂದ ಬಿಡಿಸಿ ಕೇಳಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದು ನನ್ನ ವಾದ. ವಿಲೀನದ ಪ್ರಶ್ನೆ ಆಮೇಲೆ ಆ ರೂಪದಲ್ಲಿ ಮತ್ತೆ ತಲೆ ಎತ್ತಲಿಲ್ಲ.

ಆದರೆ ಮತಪತ್ರದಲ್ಲಿ ಭಾಷೆಯ ಪ್ರಶ್ನೆ ಇರಲಿಲ್ಲ. ಎಲ್ಲರ ಮನಸ್ಸಿನಲ್ಲಿತ್ತು, ಚೀಟಿಯ ಮೇಲೆ ಮಾತ್ರ ಇರಲಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಿಕ ಭಾಷೆಯೆಂದು ಮಾನ್ಯ ಮಾಡಿದರೂ ಆಡಳಿತದಲ್ಲಿ ಅದರ ಜಾಗ ಯಾವುದು ಎಂಬುದು ಹಾಗೇ ಉಳಿಯಿತು. ಅದು ಬೀದಿಗೆ ಬಂದದ್ದು 1985ರ ನಂತರ. ರಾಜಭಾಷೆಗಾಗಿ ನಡೆದ ಚಳವಳಿಯಲ್ಲಿ, 1986ರ ಡಿಸೆಂಬರ್‌ನ ಗಲಭೆಗಳಲ್ಲಿ, ಪ್ರಾಣಗಳು ಹೋದವು. 1987ರ ಫೆಬ್ರವರಿ 4ರಂದು ರಾಜಭಾಷಾ ಮಸೂದೆ ಅಂಗೀಕಾರವಾಯಿತು, ಮೇ 30ರಂದು ಗೋವಾ ರಾಜ್ಯವಾಯಿತು. ಆ ಕಾಯ್ದೆಯಲ್ಲೂ ಒಂದು ಬಾಗಿಲು ಮುಚ್ಚಿತು. ಕೊಂಕಣಿ ಎಂದರೆ ದೇವನಾಗರಿ ಲಿಪಿಯ ಕೊಂಕಣಿ ಎಂದು ಅದು ವ್ಯಾಖ್ಯಾನಿಸಿತು. ಮರಾಠಿಯನ್ನೂ ಆಡಳಿತದಲ್ಲಿ ಬಳಸಲು ಅವಕಾಶ ಕೊಟ್ಟಿತು. ತಿಯಾತ್ರ್ ನಾಟಕ, ವಾರಪತ್ರಿಕೆಗಳೆಂದು ಬೆಳೆದಿದ್ದ ರೋಮನ್ ಲಿಪಿಯ ಕೊಂಕಣಿ ಹೊರಗುಳಿಯಿತು. ಆ ಅಸಮಾಧಾನ ಇವತ್ತಿಗೂ ಇದೆ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗರಿಗೆ ಇದು ಚೆನ್ನಾಗಿ ಅರ್ಥವಾಗುವ ಸಂಕಟ.

ಚರ್ಚೆಯ ವೇಳೆ ಗೆಳತಿಯೊಬ್ಬರು ಕೇಳಿದರು: "ಹಾಗಾದ್ರೆ ಎಲ್ಲದಕ್ಕೂ ಮತ ಹಾಕಿಸಿದ್ರೆ ಮುಗೀತಾ?" ಇಲ್ಲ. ಮತ ಎಣಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಪ್ರಶ್ನೆಯನ್ನು ಸ್ಪಷ್ಟವಾಗಿ ಇಡಬೇಕು, ಅಧಿಕಾರದಲ್ಲಿದ್ದವರು ಸ್ವಲ್ಪ ದೂರ ಸರಿಯಬೇಕು, ಒಪ್ಪದವರನ್ನು ತಲುಪುವ ಮಾತು ಬೇಕು. 1967ರಲ್ಲಿ ಈ ಮೂರೂ ಇದ್ದವು. ಸಣ್ಣ ಸಂಖ್ಯೆಯ ಸಮುದಾಯದ ಹಕ್ಕನ್ನು ಎಣಿಕೆಗೆ ಇಡಬೇಕೇ ಎಂಬುದು ಬೇರೆಯೇ ಪ್ರಶ್ನೆ, ಇಡಬಾರದು ಎಂದೇ ನನ್ನ ಅಭಿಪ್ರಾಯ.

ಕೊನೆಯದಾಗಿ ನಮಗೇ ಸಂಬಂಧಿಸಿದ ಮಾತು. ಉತ್ತರ ಕರ್ನಾಟಕದಿಂದ ಹೋಗಿ ಗೋವಾದ ಕಟ್ಟಡ, ಬಂದರು, ಮಾರುಕಟ್ಟೆಗಳಲ್ಲಿ ದುಡಿಯುವ ಕನ್ನಡಿಗರು ಸಾವಿರಾರು. ಅಲ್ಲಿ ಅವರನ್ನು ಹೀಯಾಳಿಸಲು 'ಘಾಂಟಿ' ಎಂಬ ಪದವೇ ಇದೆ. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ನಾವು ಸಿಟ್ಟಾದೆವು. ಅಷ್ಟೇ ಸಿಟ್ಟು ಮಹದಾಯಿ ನೀರಿನ ವಿಷಯದಲ್ಲಿ ಅವರಿಗೆ ನಮ್ಮ ಮೇಲೆ. 2018ರಲ್ಲಿ ನ್ಯಾಯಾಧಿಕರಣ ನೀರು ಹಂಚಿತು, ಮನಸ್ತಾಪ ಹಾಗೇ ಉಳಿಯಿತು. ಒಂದು ಊರಿನ ಅಸ್ಮಿತೆಯ ಭಯ, ಇನ್ನೊಂದು ಊರಿನ ಹೊಟ್ಟೆಪಾಡು, ಇವೆರಡನ್ನೂ ಒಟ್ಟಿಗೆ ಇಟ್ಟು ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಯಾರೂ ಸರಿಯಾಗಿ ಕೇಳಿದ ಹಾಗೆ ನನಗೆ ಕಾಣಲಿಲ್ಲ. ಕೇಳದೆ ಬಿಟ್ಟ ಪ್ರಶ್ನೆ ಏನಾಗುತ್ತದೆ ಎಂದು 1986 ತೋರಿಸಿದೆ. 'ರಾಷ್ಟ್ರಮತ' ಮರಾಠಿಯಲ್ಲಿ ಬರೆದ ಹಾಗೆ ನಮ್ಮಲ್ಲಿ ಯಾರಾದರೂ ಕೊಂಕಣಿಯಲ್ಲಿ ಈ ಮಾತು ಎತ್ತಬಲ್ಲರೇ? ಕನ್ನಡ ವಿಭಾಗಗಳಲ್ಲಿ ಪಕ್ಕದ ಭಾಷೆಯೊಂದನ್ನು ಕಲಿಯುವುದು ಅದಕ್ಕೆ ಮೊದಲ ಹೆಜ್ಜೆ ಆಗಬಹುದು ಎಂದು ಹೇಳಿ ಮುಗಿಸುತ್ತೇನೆ. ನಿಮ್ಮ ಭಿನ್ನಾಭಿಪ್ರಾಯಗಳಿಗೆ ಸ್ವಾಗತ.