ತಂಗಡಿ ತೊಗಟೆಯ ಚರಿತ್ರೆ ಬರೆಯೋರು ಯಾರು?

ಬಂಧುಗಳೇ, ಮೈಸೂರಿಗೆ ಹೋದೋರು ಅರಮನೆ, ಮೃಗಾಲಯ ನೋಡಿ ವಾಪಸ್ ಬಸ್ಸು ಹತ್ತುತ್ತಾರೆ. ಮಕ್ಕಳಿದ್ರೆ ಕಾರಂಜಿ ಕೆರೆ ದಡದ ನಿಸರ್ಗ ಇತಿಹಾಸ ಮ್ಯೂಸಿಯಂ ಕೂಡ ತೋರಿಸಿ. 1995ರಲ್ಲಿ ಶುರುವಾದದ್ದು, ಕೇಂದ್ರ ಪರಿಸರ ಸಚಿವಾಲಯದ್ದು. ಪಕ್ಕದ ಕೆರೆಯಲ್ಲೇ ಚಿಟ್ಟೆಗಳ ಉದ್ಯಾನವಿದೆ. ರಜೆ ಹಾಕಿ ರಾಯಲ್ಪಾಡಿನಿಂದ ಹೋಗಿ ಎರಡನ್ನೂ ನೋಡಿ ಬಂದೆ. ಅಲ್ಲಿಂದ ತಲೆಯಲ್ಲಿ ಉಳಿದ ಒಂದು ವಿಷಯ ನಿಮ್ಮ ಮುಂದೆ ಇಡ್ತೀನಿ.

ಚಿಟ್ಟೆ ಸಾಕೋಕೆ ಹೂವಿದ್ರೆ ಸಾಲದು. ಮರಿಹುಳು ತಿನ್ನೋ ಎಲೆ ಬೇಕು, ಒಂದೊಂದು ಜಾತಿಯ ಚಿಟ್ಟೆಗೂ ಅದರದೇ ಗಿಡ ಬೇಕು. ಒಂದಕ್ಕೆ ಎಕ್ಕ, ಇನ್ನೊಂದಕ್ಕೆ ನಿಂಬೆ, ಕರಿಬೇವು. 'ಎಮಿಗ್ರಂಟ್' ಅನ್ನೋ ತಿಳಿಹಸಿರು ಮಿಶ್ರಿತ ಬಿಳಿ ಚಿಟ್ಟೆ ಮೊಟ್ಟೆ ಇಡೋ ಗಿಡಗಳಲ್ಲಿ ತಂಗಡಿಯೂ ಒಂದು. ನಮ್ಮ ಗಡಿ ಭಾಗದಲ್ಲಿ ತೆಲುಗಲ್ಲಿ ತಂಗೇಡು ಅಂತೀವಲ್ಲ, ಬೆಟ್ಟದ ಬುಡದಲ್ಲಿ ಹಳದಿ ಹೂ ಬಿಡೋದು, ಅದೇ.

ಈ ಗಿಡಕ್ಕೂ ನಮ್ಮ ಕೇರಿಗೂ ಹಳೇ ನಂಟು. ಚರ್ಮ ಹದ ಮಾಡ್ತಿದ್ದದ್ದು ಇದರ ತೊಗಟೆಯಲ್ಲಿ. ಮೊದಲು ಸುಣ್ಣದ ನೀರಲ್ಲಿ ನೆನೆಸಿ ಕೂದಲು ಹೆರೆಯಬೇಕು. ಆಮೇಲೆ ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ, ನೀರು ತುಂಬಿ ನೇತುಹಾಕಬೇಕು. ನೀರು ಜಿನುಗ್ತಾ ಜಿನುಗ್ತಾ ಚರ್ಮ ಕೊಳೆಯದ ಹಾಗೆ ಗಟ್ಟಿಯಾಗುತ್ತೆ. ಎಷ್ಟು ದಿನ, ಎಷ್ಟು ತೊಗಟೆ ಅನ್ನೋದು ಕೈಗೆ ಗೊತ್ತಿದ್ದ ರಸಾಯನಶಾಸ್ತ್ರ. ಮದರಾಸು ಪ್ರಾಂತ್ಯದಲ್ಲಿ ಇದೇ ತೊಗಟೆಯಲ್ಲಿ ಹದವಾದ ಚರ್ಮ 'ಈಸ್ಟ್ ಇಂಡಿಯಾ ಕಿಪ್ಸ್' ಹೆಸರಲ್ಲಿ ಲಂಡನ್ನಿಗೆ ಹೋಯ್ತು, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಾಯ್ತು.

ಪಂಪ್‌ಸೆಟ್ ಬರೋಕೆ ಮುಂಚೆ ಕೋಲಾರ ಸೀಮೆಯ ಬಾವಿಗಳಿಂದ ನೀರು ಎತ್ತಿದ್ದು ಕಪಿಲೆ. ಕಪಿಲೆಯ ನೀರಿನ ಚೀಲ ಚರ್ಮದ್ದು, ಅದನ್ನು ಹೊಲಿದು ಕೊಟ್ಟೋರು ಮಾದಿಗರು. ಅವರು ಹೊಲಿದ ಚೀಲ ದಿನವಿಡೀ ಬಾವಿಗೆ ಇಳೀಬಹುದಿತ್ತು, ಆ ನೀರಲ್ಲಿ ಬೆಳೆದ ಭತ್ತ ದೇವರ ನೈವೇದ್ಯಕ್ಕೂ ಆಗ್ತಿತ್ತು. ಅವರೇ ಕುಡಿಯೋ ನೀರಿಗೆ ಊರ ಬಾವಿ ಕಟ್ಟೆ ಹತ್ತಿದ್ರೆ ಮಾತ್ರ ಮೈಲಿಗೆ!

ಅದೇ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅನ್ನೋ ಸಂಸ್ಥೆ ಇತ್ತು. 20ನೇ ಶತಮಾನದ ಆರಂಭದಿಂದ 1999ರವರೆಗೆ ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಸಾವಿರಾರು ಹುಲಿ, ಚಿರತೆಗಳ ಚರ್ಮ ಹದ ಮಾಡಿ, ಜೀವ ಇರೋ ಹಾಗೆ ನಿಲ್ಲಿಸಿ ಕೊಡ್ತಿತ್ತು. ಅದನ್ನು ಜಗತ್ತೇ ಕಲೆ ಅಂತ ಮೆಚ್ಚಿತು, ಮೆಚ್ಚಲಿ. ಆದ್ರೆ ಯೋಚನೆ ಮಾಡಿ: ಸತ್ತ ಹುಲಿಯ ಚರ್ಮ ಮುಟ್ಟಿದ ಕೈಗೆ ಅರಮನೆಯ ಬಾಗಿಲು ತೆರೆಯಿತು, ಸತ್ತ ಎತ್ತಿನ ಚರ್ಮ ಮುಟ್ಟಿದ ಕೈಗೆ ಹೋಟೆಲಿನ ಲೋಟ ಬೇರೆಯಾಯ್ತು. ಎರಡೂ ಕಡೆ ಇದ್ದದ್ದು ಚರ್ಮವೇ. ಮೈಲಿಗೆ ಇದ್ದದ್ದು ಜಾತಿಯ ಲೆಕ್ಕದಲ್ಲಿ.

"ಬಾಬಾಸಾಹೇಬರೇ ಆ ಕಸುಬು ಬಿಡಿ ಅಂದ್ರಲ್ಲ, ಈಗ್ಯಾಕೆ ಕೆದಕ್ತೀರಾ?" ಅಂತ ಕೆಲವು ಗೆಳೆಯರು ಕೇಳ್ತಾರೆ. ನಿಜ. 1927ರ ಮಹಾಡ್ ಸಮಾವೇಶದಲ್ಲೇ ಸತ್ತ ದನದ ಮಾಂಸ ತಿನ್ನೋದು ಬಿಡಿ, ಸ್ವಾಭಿಮಾನದಿಂದ ಬದುಕಿ ಅಂದ್ರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲೀತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದಾಗ, ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ಜಿಲ್ಲಾಧಿಕಾರಿ ಕಚೇರಿ ಮುಂದೆ ತಂದು ಹಾಕಿ, ನೀವೇ ಎತ್ತಿಕೊಳ್ಳಿ ಅಂದ್ರು. ಬಲವಂತದ ಕಸುಬು ಬಿಟ್ಟದ್ದು ವಿಮೋಚನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಸುಬಿನ ಜೊತೆ ತಿಳುವಳಿಕೆಯ ಹಕ್ಕನ್ನೂ ಬಿಟ್ಟುಕೊಟ್ರೆ, ನಾಳೆ ನಮ್ಮ ಮಕ್ಕಳಿಗೆ ಉಳಿಯೋದು ಅವಮಾನದ ಕಥೆ ಮಾತ್ರ.

ಕಪಿಲೆ ಚೀಲ ಹೊಲಿದೋರು ನಮ್ಮ ಕೇರಿಗಳಲ್ಲಿ ಇನ್ನು ಬೆರಳೆಣಿಕೆಯಷ್ಟಿದ್ದಾರೆ, ಎಲ್ಲರಿಗೂ ಎಂಬತ್ತರ ಹತ್ತಿರ. ಉಳಿ, ರಂಪಿಗೆ ಅಟ್ಟದ ಮೇಲೆ ತುಕ್ಕು ಹಿಡೀತಿವೆ. ಈ ಸಲ ಏಪ್ರಿಲ್ 14ಕ್ಕೆ ಬ್ಯಾನರ್ ಒಂದು ಕಮ್ಮಿಯಾದ್ರೂ ಪರವಾಗಿಲ್ಲ. ನಿಮ್ಮೂರಿನ ಒಬ್ಬ ಅಜ್ಜನ ಹತ್ರ ಕೂತು, ಮೊಬೈಲ್ ಆನ್ ಮಾಡಿ ಕೇಳಿ: ತೊಗಟೆ ಯಾವ ತಿಂಗಳು ತೆಗೀತಿದ್ರಿ? ಚರ್ಮ ಹದ ಬಂತು ಅಂತ ಹೇಗೆ ಗೊತ್ತಾಗ್ತಿತ್ತು? ಕೂಲಿ ಎಷ್ಟು ಕೊಟ್ರು, ಎಷ್ಟು ನುಂಗಿದ್ರು? ಅದನ್ನು ಬರೆದು ನಿಮ್ಮೂರ ಶಾಲೆಗೂ ಕೊಡಿ, ಸಂಘದಲ್ಲೂ ಒಂದು ಪ್ರತಿ ಇಡಿ.

ಜೈ ಭೀಮ್.